ಸೈಟ್ ಬಿಡದೆ ಮಾಸ್ಟರ್ಸ್: ದಾವಣಗೆರೆ ಕಡೆಯ ಸಿವಿಲ್ ಎಂಜಿನಿಯರ್‌ಗೆ ಆನ್‌ಲೈನ್ ಓದಿನ ಪೂರ್ತಿ ದಾರಿ

ಬಿ.ಇ. ಮುಗಿಸಿ ಒಂಬತ್ತು ವರ್ಷ ಆಗಿತ್ತು. ಹರಿಹರದ ಹತ್ತಿರ ಒಂದು ಗೋದಾಮಿನ ಕೆಲಸ ನಡೆದಿತ್ತು. ಮಧ್ಯಾಹ್ನ ಊಟ ಆದ ಮೇಲೆ ಸಿಮೆಂಟ್ ಶೆಡ್ಡಿನ ನೆರಳಲ್ಲಿ ಕೂತು ಫೋನಿನಲ್ಲಿ ಪಾಠ ಕೇಳುತ್ತಿದ್ದೆ. ನಮ್ಮ ಮೇಸ್ತ್ರಿ ಬೀಡಿ ಹಚ್ಚುತ್ತ ಕೇಳಿದರು, "ಈ ವಯಸ್ಸಿನಾಗೆ ಏನ್ ಓದ್ತೀರಿ ಸಾರ್? ಮಕ್ಳನ್ನ ಓದಿಸ್ರಿ." ನಕ್ಕು ಸುಮ್ಮನಾದೆ. ಆದರೆ ಯಾಕೆ ಓದುತ್ತಿದ್ದೇನೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದೆ ಹೊರಟಿದ್ದಕ್ಕೆ ಅದಕ್ಕೂ ಮೊದಲೇ ಒಂದು ಸಲ 25 ಸಾವಿರ ಕಳೆದುಕೊಂಡಿದ್ದೆ. ಆ ಕಥೆ ಮುಂದೆ ಬರುತ್ತದೆ.

ಈಗ ಓದು ಮುಗಿದಿದೆ. ದಾವಣಗೆರೆ, ಚಿತ್ರದುರ್ಗ ಕಡೆಯ ಜೂನಿಯರ್‌ಗಳು ಸೈಟಿಗೆ ಬಂದಾಗೆಲ್ಲ ಇದನ್ನೇ ಕೇಳುತ್ತಾರೆ. ಕೆಲಸ ಬಿಡದೆ ಮಾಸ್ಟರ್ಸ್ ಮಾಡಬಹುದಾ? ಎಲ್ಲಿ ಮಾಡಬೇಕು? ಎಷ್ಟು ಖರ್ಚು? ಪ್ರತಿಯೊಬ್ಬರಿಗೂ ಅರ್ಧ ಅರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೊದಲ ಹೆಜ್ಜೆ: ಯಾತಕ್ಕೆ ಅಂತ ಒಂದು ಸಾಲು ಬರೆಯಿರಿ

ನಿಜವಾಗಿಯೂ ಬರೆಯಿರಿ, ಡೈರಿಯಲ್ಲಿ. "ಮುಂದೆ ಅನುಕೂಲ ಆಗುತ್ತೆ" ಅನ್ನೋದು ಉತ್ತರ ಅಲ್ಲ. ಸಾಮಾನ್ಯವಾಗಿ ಇರೋದು ನಾಲ್ಕೇ ಕಾರಣ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕು. ಸರ್ಕಾರಿ ಕೆಲಸದಲ್ಲಿ ಬಡ್ತಿಗೆ ತೋರಿಸಬೇಕು. ಡಿಸೈನ್ ಅಥವಾ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಡೆ ಹೊರಳಬೇಕು. ಇಲ್ಲವೇ ವಿದೇಶಕ್ಕೆ ಹೋಗಬೇಕು.

ಕಾರಣ ಬೇರೆ ಆದರೆ ದಾರಿಯೂ ಬೇರೆ. ಲೆಕ್ಚರರ್ ಆಗಬೇಕು ಅನ್ನುವವರಿಗೆ ನನ್ನ ಸಲಹೆ ನೇರ: ಆನ್‌ಲೈನ್ ಬಿಡಿ, ರೆಗ್ಯುಲರ್ ಎಂ.ಟೆಕ್. ಮಾಡಿ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ತಾಂತ್ರಿಕ ಶಿಕ್ಷಣದ ಮಂಡಳಿ ಎಐಸಿಟಿಇ ಕೇಳೋದು ಬಿ.ಇ. ಮತ್ತು ಎಂ.ಇ. ಅಥವಾ ಎಂ.ಟೆಕ್., ಎರಡರಲ್ಲಿ ಒಂದಾದರೂ ಫಸ್ಟ್ ಕ್ಲಾಸ್. ಇಂಟರ್‌ವ್ಯೂನಲ್ಲಿ ಕೂತವರಿಗೆ "ಇದು ಆನ್‌ಲೈನ್, ಆದರೂ ಅದಕ್ಕೆ ಸಮ" ಅಂತ ವಾದ ಮಾಡುತ್ತ ಕೂರೋದು ಯಾರಿಗೆ ಬೇಕು? ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಗೇಟ್ ಬರೆದು ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬೇರೆ ಇದೆ. ಗೇಟ್ ಸ್ಕೋರ್ ಮೂರು ವರ್ಷ ನಡೆಯುತ್ತದೆ. ಗೇಟ್ ಆಗಲಿಲ್ಲ ಅಂದರೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಇದೆ. ವಯಸ್ಸು 25ರೊಳಗೆ, ಮನೆ ಜವಾಬ್ದಾರಿ ಇಲ್ಲ ಅನ್ನುವವರಿಗೂ ಇದೇ ಮಾತು.

ಸರ್ಕಾರಿ ಕೆಲಸದಲ್ಲಿರುವವರು ಅರ್ಜಿ ಹಾಕುವ ಮೊದಲೇ ಇಲಾಖೆಯ ಅನುಮತಿಯನ್ನು ಲಿಖಿತವಾಗಿ ತಗೊಳ್ಳಿ. ಓದು ಮುಗಿದ ಮೇಲೆ ಕೇಳಿದರೆ ಫೈಲು ಎಲ್ಲಿ ಹೋಗಿ ಕೂರುತ್ತೆ ಅಂತ ನಿಮಗೇ ಗೊತ್ತು.

ಉಳಿದವರು, ಅಂದರೆ ಸೈಟಲ್ಲೋ ಕನ್ಸಲ್ಟೆನ್ಸಿಯಲ್ಲೋ ಇದ್ದು ಕೆಲಸದಲ್ಲೇ ಮೇಲೆ ಬರಬೇಕು ಅನ್ನುವವರು, ಮುಂದೆ ಓದಿ.

ಎರಡನೆಯದು: ಕಾಗದ ನೋಡದೆ ಒಂದು ರೂಪಾಯಿ ಕಟ್ಟಬೇಡಿ

ನನ್ನ 25 ಸಾವಿರದ ಕಥೆ ಇಲ್ಲಿದೆ. ಒಬ್ಬ ಏಜೆಂಟ್ ಫೋನ್ ಮಾಡಿದ. "ಡಿಸ್ಟೆನ್ಸ್ ಎಂ.ಟೆಕ್. ಸಾರ್, ಸ್ಟ್ರಕ್ಚರಲ್, ಹದಿನೆಂಟು ತಿಂಗಳು, ಯುಜಿಸಿ ಅಪ್ರೂವ್ಡ್." ಸೀಟು ಬುಕಿಂಗ್ ಅಂತ ದುಡ್ಡು ಕಟ್ಟಿದೆ. ವಾರ ಆದ ಮೇಲೆ ಒಬ್ಬ ಸೀನಿಯರ್‌ಗೆ ಖುಷಿಯಿಂದ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಯೂನಿವರ್ಸಿಟಿಗೆ ಅಪ್ರೂವಲ್ ಇದೆಯೋ, ಈ ಕೋರ್ಸಿಗೆ ಇದೆಯೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಆ ಏಜೆಂಟ್ ನಂಬರು ಇವತ್ತಿಗೂ ಸ್ವಿಚ್ ಆಫ್.

ವಿಷಯ ಇಷ್ಟು. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿಯ 2020ರ ದೂರ ಶಿಕ್ಷಣ ಮತ್ತು ಆನ್‌ಲೈನ್ ನಿಯಮಗಳ ಪ್ರಕಾರ ಎಂಜಿನಿಯರಿಂಗ್ ಕೋರ್ಸುಗಳನ್ನು ದೂರ ಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಡೆಸುವ ಹಾಗಿಲ್ಲ. ಎಂಬಿಎ, ಎಂಸಿಎ ಸಿಗುತ್ತವೆ. ಎಂ.ಟೆಕ್. ಸಿವಿಲ್ ಸಿಗೋದಿಲ್ಲ. ಯೂನಿವರ್ಸಿಟಿ ಎಷ್ಟೇ ದೊಡ್ಡದಾಗಿರಲಿ, ಯುಜಿಸಿ ಮಾನ್ಯತೆ ಇರಲಿ, ಈ ಮಾತು ಬದಲಾಗೋದಿಲ್ಲ. ನಿಯಮ ಕಾಗದದ ಮೇಲೆ ಮಾತ್ರ ಇದೆ ಅಂದುಕೊಳ್ಳಬೇಡಿ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಅಂಚೆ ಮೂಲಕ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಬಗ್ಗೆ ತೀರ್ಪು ಕೊಟ್ಟಿತು. ನಾಲ್ಕು ಡೀಮ್ಡ್ ಯೂನಿವರ್ಸಿಟಿಗಳಲ್ಲಿ 2001ರಿಂದ 2005ರವರೆಗೆ ಸೇರಿದವರ ಪದವಿ ಅಮಾನತಾಯಿತು, ಅವರು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಆಮೇಲೆ ಸೇರಿದವರ ಪದವಿಗಳು ರದ್ದೇ ಆದವು. ಬಡ್ತಿ ತಗೊಂಡು ವರ್ಷಗಟ್ಟಲೆ ಕೆಲಸ ಮಾಡಿದವರೂ ಅದರಲ್ಲಿದ್ದರು.

ಹಾಗಾದರೆ ದಾರಿಯೇ ಇಲ್ಲವಾ? ಇದೆ. ಐಐಟಿಗಳು ಸಂಸತ್ತಿನ 1961ರ ಕಾಯ್ದೆಯ ಕೆಳಗೆ ಬರುತ್ತವೆ. ತಮ್ಮ ಪದವಿ ತಾವೇ ಕೊಡುತ್ತವೆ, ಎಐಸಿಟಿಇ ಒಪ್ಪಿಗೆ ಬೇಕಿಲ್ಲ. ಕೆಲಸದಲ್ಲಿರುವವರಿಗೆ ಅಂತಲೇ ಕೆಲವು ಐಐಟಿಗಳು ಆನ್‌ಲೈನ್ ಮಾಸ್ಟರ್ಸ್ ನಡೆಸುತ್ತಿವೆ. ಉದಾಹರಣೆಗೆ ಐಐಟಿ ಕಾನ್ಪುರದ ಇ-ಮಾಸ್ಟರ್ಸ್. 60 ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಲೆಕ್ಕ), 12 ಮಾಡ್ಯೂಲ್ (ಪಾಠದ ಭಾಗ), ಒಂದರಿಂದ ಮೂರು ವರ್ಷದೊಳಗೆ ಮುಗಿಸಬಹುದು, ಗೇಟ್ ಬೇಕಿಲ್ಲ. ಅದರಲ್ಲಿ ಸಿವಿಲ್ ವಿಭಾಗದವರು ಸುಸ್ಥಿರ ನಿರ್ಮಾಣ ಮತ್ತು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಬಗ್ಗೆ ಒಂದು ಕೋರ್ಸ್ ತಂದಿದ್ದಾರೆ. ಆದರೆ ಒಂದು ಮಾತು ನೆನಪಿರಲಿ. ಸರ್ಟಿಫಿಕೇಟಿನ ಮೇಲೆ ಬರೆದಿರೋದು ಇ-ಮಾಸ್ಟರ್ಸ್ ಅಂತ, ಎಂ.ಟೆಕ್. ಅಂತ ಅಲ್ಲ. ಕಂಪನಿಗೆ ಇದು ನಡೆಯುತ್ತದೆ. ಹುದ್ದೆಯ ನಿಯಮದಲ್ಲಿ "ಎಂ.ಟೆಕ್." ಅಂತಲೇ ಬರೆದಿದ್ದರೆ ನಡೆಯುತ್ತದೆ ಅಂತ ನಾನು ಭರವಸೆ ಕೊಡಲಾರೆ. ಅದಕ್ಕೇ ಮೊದಲ ಹೆಜ್ಜೆಯಲ್ಲಿ ಆ ಸಾಲು ಬರೆಸಿದ್ದು.

ಅಮೆರಿಕದಲ್ಲಿ ಇಲಿನಾಯ್ (ಅರ್ಬಾನಾ-ಶಾಂಪೇನ್), ಪರ್ಡ್ಯೂ, ಕೊಲಂಬಿಯಾದಂಥ ವಿಶ್ವವಿದ್ಯಾಲಯಗಳು ಸಿವಿಲ್ ಮಾಸ್ಟರ್ಸನ್ನು ಪೂರ್ತಿ ಆನ್‌ಲೈನಿನಲ್ಲಿ ಕೊಡುತ್ತವೆ. ಅಲ್ಲಿ ಆ ಪದವಿಗೆ ಬೆಲೆ ಇದೆ. ಇಲ್ಲಿ? 2025ರಲ್ಲಿ ಯುಜಿಸಿ ವಿದೇಶಿ ಪದವಿಗಳಿಗೆ ಸಮಾನತೆ ಕೊಡುವ ಹೊಸ ನಿಯಮ ತಂದಿತು. ಖುದ್ದಾಗಿ ತರಗತಿಗೆ ಹೋಗಿ ಓದಿರಬೇಕು, ಆನ್‌ಲೈನ್ ಆಗಿರಬಾರದು ಅನ್ನೋದು ಅದರ ಷರತ್ತುಗಳಲ್ಲಿ ಒಂದು. ಹೊರಗೆ ಹೋಗುವವರಿಗೆ, ಬಹುರಾಷ್ಟ್ರೀಯ ಕಂಪನಿಯ ಡಿಸೈನ್ ಆಫೀಸಿನಲ್ಲಿ ಇರುವವರಿಗೆ ಸರಿ. ಇಲ್ಲೇ ಸರ್ಕಾರಿ ನೌಕರಿ ಬೇಕು ಅನ್ನುವವರಿಗೆ ಬೇಡ.

ಇನ್ನೊಂದು ಜಾತಿ ಇದೆ: "ಪಿಜಿ ಸರ್ಟಿಫಿಕೇಟ್", "ಎಕ್ಸಿಕ್ಯೂಟಿವ್ ಪ್ರೋಗ್ರಾಂ". ಒಳ್ಳೆಯ ಸಂಸ್ಥೆಯದ್ದಾದರೆ ಕಲಿಯೋಕೆ ಚೆನ್ನಾಗಿಯೇ ಇರುತ್ತವೆ. ಆದರೆ ಅವು ಪದವಿ ಅಲ್ಲ. ಜಾಹೀರಾತಿನಲ್ಲಿ ಸಂಸ್ಥೆಯ ಹೆಸರು ದೊಡ್ಡದಾಗಿ, "ಸರ್ಟಿಫಿಕೇಟ್" ಅನ್ನೋದು ಸಣ್ಣದಾಗಿ ಇರುತ್ತದೆ. ಕನ್ನಡಕ ಹಾಕಿಕೊಂಡು ಓದಿ.

ಪರೀಕ್ಷಿಸೋದು ಹೇಗೆ ಅಂದರೆ, ಏಜೆಂಟ್ ಕಳಿಸಿದ ಪಿಡಿಎಫ್ ನಂಬಬೇಡಿ. ಸಂಸ್ಥೆಯ ಸ್ವಂತ ಜಾಲತಾಣಕ್ಕೆ ಹೋಗಿ ಕೋರ್ಸಿನ ಪುಟ ಹುಡುಕಿ. ಪದವಿ ಕೊಡುವವರು ಯಾರು, ಸರ್ಟಿಫಿಕೇಟಿನ ಮೇಲೆ ಯಾವ ಹೆಸರು ಬರುತ್ತದೆ ಅಂತ ಇಮೇಲ್‌ನಲ್ಲಿ ಕೇಳಿ. ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಕಾಸಿನ ಬೆಲೆಯಿಲ್ಲ.

ದುಡ್ಡಿನ ಲೆಕ್ಕ

ಎಸ್ಟಿಮೇಟ್ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಸ್ವಂತ ವಿಷಯಕ್ಕೆ ಬಂದಾಗ ನಾವೇ ಎಡವುತ್ತೇವೆ. ಒಟ್ಟು ಫೀ ನೋಡಬೇಡಿ, ಒಂದು ಕ್ರೆಡಿಟ್‌ಗೆ ಎಷ್ಟು ಅಂತ ನೋಡಿ. ಅಮೆರಿಕದ ಮಾಸ್ಟರ್ಸ್ ಸಾಮಾನ್ಯವಾಗಿ 30 ಕ್ರೆಡಿಟ್. ಕ್ರೆಡಿಟ್‌ಗೆ 1,000 ಡಾಲರ್ ಅಂತ ಹಿಡಿದರೂ, ಡಾಲರಿಗೆ 85 ರೂಪಾಯಿಯಂತೆ 25 ಲಕ್ಷದ 50 ಸಾವಿರ ಆಯಿತು. ದೊಡ್ಡ ಹೆಸರಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇದರ ಎರಡರಷ್ಟು ದಾಟುತ್ತದೆ. ನಮ್ಮ ಐಐಟಿಗಳದ್ದು ಅದಕ್ಕಿಂತ ತುಂಬಾ ಕಡಿಮೆ, ಆದರೂ ಲಕ್ಷಗಳ ಲೆಕ್ಕವೇ.

ಒಂದೊಂದು ಮಾಡ್ಯೂಲಿಗೆ ಬೇರೆ ಬೇರೆ ಕಟ್ಟುವ ಅವಕಾಶ ಇದೆಯಾ ಅಂತ ಕೇಳಿ. ಇದ್ದರೆ ಅದನ್ನೇ ಆರಿಸಿ. ಒಂದೇ ಸಲ ಕಟ್ಟಿದರೆ ರಿಯಾಯಿತಿ ಅಂತಾರೆ, ಆದರೆ ಮಧ್ಯದಲ್ಲಿ ಸೈಟು ಬೇರೆ ಜಿಲ್ಲೆಗೆ ಹೋದರೆ ಸಿಕ್ಕಿ ಬೀಳುತ್ತೀರಿ.

ಫೀ ಕಟ್ಟುವ ಮೊದಲು ಮೂರು ತಿಂಗಳ ಟ್ರಯಲ್

ಇಷ್ಟೆಲ್ಲ ಬರೆದಿದ್ದರಲ್ಲಿ ಒಂದೇ ಒಂದು ಮಾಡುತ್ತೇನೆ ಅಂದರೆ ಇದನ್ನು ಮಾಡಿ. ಯಾವ ಕೋರ್ಸಿಗೂ ಸೇರುವ ಮೊದಲು ಎನ್‌ಪಿಟೆಲ್‌ನ ಒಂದು 12 ವಾರದ ಕೋರ್ಸ್ ಪೂರ್ತಿ ಮುಗಿಸಿ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು ಇದು. ಪಾಠ ಉಚಿತ. ಪರೀಕ್ಷೆ ಬರೆಯೋದಾದರೆ ಮಾತ್ರ ಸುಮಾರು ಸಾವಿರ ರೂಪಾಯಿ. ವಾರ ವಾರ ಅಸೈನ್‌ಮೆಂಟ್, ಅದಕ್ಕೆ 25 ಅಂಕ. ಕೊನೆಗೆ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಜನವರಿಗೊಂದು, ಜುಲೈಗೊಂದು ಸರದಿ. ಇಂಗ್ಲಿಷ್ ಪಾಠ ವೇಗ ಅನ್ನಿಸಿದರೆ ಕೆಲವು ಕೋರ್ಸ್‌ಗಳಿಗೆ ಕನ್ನಡ ಸಬ್‌ಟೈಟಲ್ ಕೂಡ ಇದೆ.

ನಾನು ತಗೊಂಡಿದ್ದು ಸ್ಟ್ರಕ್ಚರಲ್ ಡೈನಾಮಿಕ್ಸ್, ಅಂದರೆ ಕಟ್ಟಡಗಳು ಅಲ್ಲಾಡುವ ಲೆಕ್ಕ. ಮೊದಲ ಎರಡು ವಾರ ಡಿಫರೆನ್ಶಿಯಲ್ ಈಕ್ವೇಶನ್ ನೋಡಿ ತಲೆ ಗಿರ್ ಅಂದಿತು. ಒಂಬತ್ತು ವರ್ಷದಲ್ಲಿ ನಾನು ಮಾಡಿದ್ದ ಗಣಿತ ಅಂದರೆ ಕೂಡೋದು, ಗುಣಿಸೋದು, ಶೇಕಡಾ ಐದು ವೇಸ್ಟೇಜ್. ದಾರಿ ತೋರಿಸಿದ್ದು ನಮ್ಮೂರ ಓವರ್‌ಹೆಡ್ ಟ್ಯಾಂಕ್.

ನೋಡಿ, 50 ಸಾವಿರ ಲೀಟರಿನ ಟ್ಯಾಂಕ್. ನೀರಿನ ತೂಕ 50 ಟನ್. ಮೇಲಿನ ಕಾಂಕ್ರೀಟು ಇನ್ನೊಂದು 50 ಟನ್ ಅಂದುಕೊಳ್ಳಿ. ಕೆಳಗಿನ ಕಂಬಗಳೆಲ್ಲ ಸೇರಿ ಸ್ಟಿಫ್‌ನೆಸ್, ಅಂದರೆ ಬಾಗದೆ ನಿಲ್ಲುವ ಬಿಗಿ, ಮೀಟರಿಗೆ 4,000 ಕಿಲೋನ್ಯೂಟನ್ ಅನ್ನಿ. ಕೋಲಿನ ತುದಿಗೆ ಕುಂಬಳಕಾಯಿ ಸಿಕ್ಕಿಸಿದ ಹಾಗೆ. ಅಲ್ಲಾಡಿಸಿದರೆ ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು? ಮಾಸ್ ಅನ್ನು ಸ್ಟಿಫ್‌ನೆಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸಿ. ಒಂದು ಲಕ್ಷ ಕಿಲೋ ಭಾಗಿಸು 40 ಲಕ್ಷ ನ್ಯೂಟನ್, ಅಂದರೆ 0.025. ವರ್ಗಮೂಲ 0.158. ಗುಣಿಸಿದರೆ ಹತ್ತಿರ ಹತ್ತಿರ 1 ಸೆಕೆಂಡ್. ಈಗ ಟ್ಯಾಂಕ್ ಖಾಲಿ ಮಾಡಿ. ಮಾಸ್ ಅರ್ಧ ಆಯಿತು. ಹೊತ್ತು ಅರ್ಧ ಆಗೋದಿಲ್ಲ, 0.7 ಸೆಕೆಂಡ್ ಆಗುತ್ತದೆ. ತುಂಬಿದ ಟ್ಯಾಂಕೇ ಬೇರೆ, ಖಾಲಿ ಟ್ಯಾಂಕೇ ಬೇರೆ ಕಟ್ಟಡ! ಭೂಕಂಪದ ಕೋಡಿನಲ್ಲಿ, ಅಂದರೆ ಡಿಸೈನಿನ ನಿಯಮಪುಸ್ತಕದಲ್ಲಿ, ಎರಡೂ ಸ್ಥಿತಿಗೆ ಲೆಕ್ಕ ಹಾಕಿ ಅಂತ ಇರೋದು ಇದಕ್ಕೇ. ಅವತ್ತಿನಿಂದ ಹಳ್ಳಿ ದಾರಿಯಲ್ಲಿ ಟ್ಯಾಂಕ್ ಕಂಡಾಗೆಲ್ಲ ನೀರು ಇದೆಯೋ ಇಲ್ಲವೋ ಅಂತ ಯೋಚನೆ ಬರುತ್ತದೆ. ಹುಚ್ಚು ಅಂದರೂ ಸರಿ.

ಈ 12 ವಾರ ನಿಮ್ಮ ಬಗ್ಗೆ ನಿಮಗೆ ನಿಜ ಹೇಳುತ್ತದೆ. ನಾಲ್ಕನೇ ವಾರಕ್ಕೇ ಅಸೈನ್‌ಮೆಂಟ್ ಬಿಟ್ಟರೆ ಉಳಿದದ್ದು ಲಕ್ಷಗಟ್ಟಲೆ ದುಡ್ಡು ಅಂದುಕೊಳ್ಳಿ. ಮುಗಿಸಿದರೆ ಅರ್ಜಿಯಲ್ಲಿ ಹಾಕಿಕೊಳ್ಳಲು ಒಂದು ಸರ್ಟಿಫಿಕೇಟೂ ಸಿಕ್ಕಿತು.

ಅರ್ಜಿ

ಇಲ್ಲಿ ಜಾಸ್ತಿ ಹೇಳೋದಿಲ್ಲ. ಬಿ.ಇ. ಅಂಕಪಟ್ಟಿ ಎಲ್ಲಾ ಸೆಮಿಸ್ಟರಿನದ್ದು, ಘಟಿಕೋತ್ಸವದ ಸರ್ಟಿಫಿಕೇಟ್, ಕೆಲಸದ ಅನುಭವ ಪತ್ರ. ಸಣ್ಣ ಕಾಂಟ್ರಾಕ್ಟರ್ ಹತ್ತಿರ ಕೆಲಸ ಮಾಡಿದವರಿಗೆ ಅನುಭವ ಪತ್ರವೇ ತಲೆನೋವು. ಲೆಟರ್‌ಹೆಡ್ ಇರೋದಿಲ್ಲ, ಸಂಬಳ ಕೈಗೆ ಕೊಟ್ಟಿರುತ್ತಾರೆ. ಎರಡು ತಿಂಗಳು ಮೊದಲೇ ಹಿಂದೆ ಬೀಳಿ. ವಿದೇಶದ್ದಾದರೆ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ಅಧಿಕೃತ ಪಟ್ಟಿ), ಇಂಗ್ಲಿಷ್ ಪರೀಕ್ಷೆ ಎರಡೂ ಬೇಕಾಗಬಹುದು. ಐಇಎಲ್‌ಟಿಎಸ್ ಸ್ಕೋರ್ ಎರಡೇ ವರ್ಷ ನಡೆಯೋದು.

"ಯಾಕೆ ಸೇರಬೇಕು" ಅಂತ ಬರೆಯುವ ಪತ್ರದಲ್ಲಿ "ಬಾಲ್ಯದಿಂದಲೂ ಕಟ್ಟಡಗಳೆಂದರೆ ಆಸಕ್ತಿ" ಅಂತೆಲ್ಲ ಬರೆಯಬೇಡಿ. ನೀವು ಸೈಟಲ್ಲಿ ಎದುರಿಸಿದ ಒಂದು ತೊಂದರೆ ಬರೆಯಿರಿ. ಎರೆಮಣ್ಣಿನಲ್ಲಿ ಬಿರುಕು ಬಿಟ್ಟ ಕಾಂಪೌಂಡ್, ಮಳೆಗೆ ಕೊಚ್ಚಿಹೋದ ಮೋರಿ, ಯಾವುದಾದರೂ ಸರಿ.

ವೇಳೆ: ಮಾರ್ಚ್ ತಿಂಗಳನ್ನು ಮರೆಯಬೇಡಿ

ಓದಿಗೆ ಟೈಮ್‌ಟೇಬಲ್ ಹಾಕುವವರು ದಿನದ ಗಂಟೆ ನೋಡುತ್ತಾರೆ. ಸಿವಿಲ್‌ನವರು ಮೊದಲು ವರ್ಷ ನೋಡಬೇಕು. ಜನವರಿಯಿಂದ ಮಾರ್ಚ್ ತನಕ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮಾರ್ಚ್ ಎಂಡಿಂಗ್ ಬಿಲ್, ಎಂಬಿ ಬುಕ್ (ಕೆಲಸದ ಅಳತೆ ಬರೆಯುವ ಪುಸ್ತಕ) ಎಂಟ್ರಿ, ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಆಫೀಸಿನ ಮುಂದೆ ಕಾಯೋದು. ಭದ್ರಾ ಕಾಲುವೆ ಕೆಲಸ ಮಾಡುವವರಿಗೆ ಇನ್ನೂ ಕಷ್ಟ. ನೀರು ನಿಲ್ಲಿಸಿದ ದಿನಗಳಲ್ಲೇ ಲೈನಿಂಗ್ (ಕಾಲುವೆಯ ಒಳಮೈಗೆ ಕಾಂಕ್ರೀಟು ಹಾಕೋದು) ಮುಗಿಸಬೇಕು, ಅಲ್ಲಿ ಪರೀಕ್ಷೆ ಗಿರೀಕ್ಷೆ ಯಾರೂ ಕೇಳೋದಿಲ್ಲ. ಜುಲೈಯಿಂದ ಸೆಪ್ಟೆಂಬರ್ ಮಳೆಗಾಲ, ಕೆಲಸ ಕುಂಟುತ್ತದೆ.

ಹಾಗಾಗಿ ಗಣಿತ ಜಾಸ್ತಿ ಇರುವ ವಿಷಯಗಳನ್ನು, ಅಂದರೆ ಫೈನೈಟ್ ಎಲಿಮೆಂಟ್, ಡೈನಾಮಿಕ್ಸ್, ಅಡ್ವಾನ್ಸ್ಡ್ ಸಾಯಿಲ್ ಮೆಕ್ಯಾನಿಕ್ಸ್ ಇಂಥವನ್ನು ಜುಲೈ ಸರದಿಗೆ ಇಟ್ಟುಕೊಳ್ಳಿ. ಜನವರಿಗೆ ಕಾಂಟ್ರಾಕ್ಟ್, ಪ್ಲಾನಿಂಗ್, ಮೆಟೀರಿಯಲ್ಸ್. ನಾನು ಮೊದಲ ವರ್ಷ ಉಲ್ಟಾ ಮಾಡಿದೆ. ಮಾರ್ಚ್ 28ರ ರಾತ್ರಿ ಒಂದು ಕಡೆ ಬಿಲ್, ಇನ್ನೊಂದು ಕಡೆ ಅಸೈನ್‌ಮೆಂಟ್. ಎರಡರಲ್ಲೂ ತಪ್ಪು ಮಾಡಿದೆ. ಬಿಲ್ ತಪ್ಪಿದ್ದಕ್ಕೇ ಜಾಸ್ತಿ ಬೈಸಿಕೊಂಡೆ.

ಒಂದು ವಿಷಯಕ್ಕೆ ಕ್ಲಾಸ್ ಸೇರಿ ವಾರಕ್ಕೆ 8ರಿಂದ 10 ಗಂಟೆ ಬೇಕು. ಸೈಟ್ ಕೆಲಸದ ಜೊತೆ ಒಂದು ಸಲಕ್ಕೆ ಒಂದು ವಿಷಯ, ಮಳೆಗಾಲದಲ್ಲಿ ಎರಡು. ಅದಕ್ಕಿಂತ ಜಾಸ್ತಿ ತಗೊಂಡವರು ಒಂದನ್ನು ಬಿಟ್ಟಿದ್ದನ್ನೇ ನಾನು ನೋಡಿದ್ದು. ರಾತ್ರಿ ಓದುತ್ತೇನೆ ಅನ್ನೋದು ಆಗದ ಮಾತು. ಬಿಸಿಲಲ್ಲಿ ನಿಂತು ಬಂದ ಮೈ ಒಂಬತ್ತಕ್ಕೆ ಬಿದ್ದುಕೊಳ್ಳುತ್ತದೆ. ನನಗೆ ಒಗ್ಗಿದ್ದು ಬೆಳಗಿನ ಜಾವ ಐದರಿಂದ ಆರೂವರೆ. ಸ್ಲ್ಯಾಬ್ ಹಾಕುವ ದಿನ ಮತ್ತು ಅದರ ಹಿಂದಿನ ದಿನ ರಜೆ, ಪುಸ್ತಕ ಮುಟ್ಟುವುದಿಲ್ಲ. ಭಾನುವಾರ ಲೈವ್ ಕ್ಲಾಸ್ ಮುಗಿಸಿ ಮನೆಯವರನ್ನೆಲ್ಲ ಬೆಣ್ಣೆ ದೋಸೆಗೆ ಕರೆದುಕೊಂಡು ಹೋಗುತ್ತಿದ್ದೆ. ವಾರಪೂರ್ತಿ ಅವರು ಸುಮ್ನೆ ಇದ್ದಿದ್ದಕ್ಕೆ ಅಷ್ಟಾದರೂ ಬೇಡವಾ?

ವಿದೇಶದ ಲೈವ್ ಕ್ಲಾಸ್ ಆದರೆ ಗಡಿಯಾರ ನೋಡಿ. ನ್ಯೂಯಾರ್ಕಿನ ಸಂಜೆ ಆರು ಅಂದರೆ ಅಲ್ಲಿಯ ಬೇಸಿಗೆಯಲ್ಲಿ ನಮಗೆ ಬೆಳಗಿನ ಜಾವ 3.30, ಚಳಿಗಾಲದಲ್ಲಿ 4.30. ರೆಕಾರ್ಡಿಂಗ್ ಸಿಗುತ್ತದಾ ಅಂತ ಸೇರುವ ಮೊದಲೇ ಕೇಳಿ.

ಬೇಕಾದ ಸಾಮಾನು

16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ರೂಟರಿಗೆ ಒಂದು ಸಣ್ಣ ಯುಪಿಎಸ್ ಕಡ್ಡಾಯ. ಪ್ರಾಕ್ಟರ್ (ಕ್ಯಾಮೆರಾದಲ್ಲಿ ಕಾವಲು ಕಾಯುವವರು) ಇರುವ ಪರೀಕ್ಷೆಯ ಮಧ್ಯೆ ಕರೆಂಟ್ ಹೋದರೆ ಏನಾಗುತ್ತದೆ ಅಂತ ಅನುಭವಿಸಿ ಹೇಳುತ್ತಿದ್ದೇನೆ. ಫೋನಿನ ಹಾಟ್‌ಸ್ಪಾಟ್ ರೆಡಿ ಇರಲಿ, ಬೇರೆ ಕಂಪನಿಯ ಸಿಮ್‌ನಲ್ಲಿ.

ಕದ್ದ ಸಾಫ್ಟ್‌ವೇರ್ ಬೇಡ. ಹೆಕ್-ರಾಸ್ (ನೀರಿನ ಹರಿವಿಗೆ), ಕ್ಯೂಜಿಐಎಸ್ (ನಕ್ಷೆಗೆ), ಓಪನ್‌ಸೀಸ್ (ಭೂಕಂಪದ ಲೆಕ್ಕಕ್ಕೆ), ಪೈಥಾನ್ (ಪ್ರೋಗ್ರಾಂ ಬರೆಯಲು) ಎಲ್ಲ ಉಚಿತ. ಬೇರೆಯವಕ್ಕೆ ವಿದ್ಯಾರ್ಥಿ ಲೈಸೆನ್ಸ್ ಕೇಳಿ. ಐಎಸ್ ಕೋಡುಗಳನ್ನು, ಅಂದರೆ ಭಾರತೀಯ ಮಾನಕಗಳನ್ನು, ಅವನ್ನು ಹೊರಡಿಸುವ ಬಿಐಎಸ್ ಸಂಸ್ಥೆಯ ಜಾಲತಾಣದಲ್ಲೇ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಇನ್ನೂ ಹತ್ತು ವರ್ಷ ಹಳೆಯ ಜೆರಾಕ್ಸ್ ಇಟ್ಟುಕೊಂಡು ಮಿಕ್ಸ್ ಡಿಸೈನ್ (ಕಾಂಕ್ರೀಟಿನ ಹದದ ಲೆಕ್ಕ) ಮಾಡುವವರಿದ್ದಾರೆ. ಅದರ ಕೋಡು, ಐಎಸ್ 10262, 2019ರಲ್ಲೇ ಬದಲಾಗಿದೆ.

ಪ್ರಾಜೆಕ್ಟ್: ನಮ್ಮ ಮಣ್ಣೇ ಲ್ಯಾಬ್

ಆನ್‌ಲೈನ್ ಓದಿಗೆ ಲ್ಯಾಬ್ ಇಲ್ಲ ಅನ್ನೋದು ದೊಡ್ಡ ದೂರು. ಅದು ಸರಿಯೇ. ಆದರೆ ಸೈಟಲ್ಲಿರುವವರಿಗೆ ಇರುವ ಅನುಕೂಲ ಕ್ಯಾಂಪಸ್ಸಿನ ಹುಡುಗರಿಗೆ ಇಲ್ಲ. ವಿಷಯ ಹುಡುಕಲು ಪೇಪರ್ ಓದುತ್ತ ಕೂರಬೇಡಿ, ಸುತ್ತ ನೋಡಿ. ಚಿತ್ರದುರ್ಗದವರಿಗೆ ಭದ್ರಾ ಮೇಲ್ದಂಡೆ ಕಾಲುವೆ ಇದೆ. ಹಿರಿಯೂರಿನ ವಾಣಿವಿಲಾಸ ಸಾಗರ ಇದೆ, 1907ರಲ್ಲಿ ಮುಗಿದ ಕಲ್ಲಿನ ಅಣೆಕಟ್ಟು, 1933ರ ಮೇಲೆ 2022ರಲ್ಲಿ ಕೋಡಿ ಬಿತ್ತು. ಚನ್ನಗಿರಿ ಕಡೆಯವರಿಗೆ ಸೂಳೆಕೆರೆ.

ನಾನು ಆರಿಸಿದ್ದು ಎರೆಮಣ್ಣು ಮತ್ತು ಉಮಿ ಬೂದಿ, ಅಂದರೆ ಬೂದಿ, ಸುಣ್ಣ ಹಾಕಿ ಆ ಮಣ್ಣನ್ನು ಗಟ್ಟಿ ಮಾಡೋದು. ದಾವಣಗೆರೆ ಸುತ್ತ ರೈಸ್ ಮಿಲ್‌ಗಳಿಗೇನು ಬರವೇ? ನೂರು ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಉಮಿ, ಅದನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ. ಬೂದಿಯಲ್ಲಿ ಹೆಚ್ಚು ಪಾಲು ಸಿಲಿಕಾ. ಸುಣ್ಣದ ಜೊತೆ ಸೇರಿದರೆ ಗಟ್ಟಿಯಾಗುತ್ತದೆ. ಸುಣ್ಣ ಇಲ್ಲದೆ ಬರೀ ಬೂದಿ ಹಾಕಿದರೆ ಹೆಚ್ಚೇನೂ ಆಗುವುದಿಲ್ಲ. ಬಾಯ್ಲರಿನಿಂದ ಬಂದ ಕಪ್ಪು ಬೂದಿ ಬೇರೆ, ಹದವಾದ ಬಿಸಿಯಲ್ಲಿ ಸುಟ್ಟ ಬೂದಿ ಬೇರೆ. ತಾಪ ಜಾಸ್ತಿ ಆದರೆ ಸಿಲಿಕಾ ಹರಳಾಗಿಬಿಡುತ್ತದೆ, ಸುಣ್ಣದ ಜೊತೆ ಸೇರೋದಿಲ್ಲ.

ಮೊದಲ ಪರೀಕ್ಷೆ ಅಡುಗೆಮನೆ ಕಟ್ಟೆಯ ಮೇಲೇ ಆಯಿತು. ಫ್ರೀ ಸ್ವೆಲ್ (ಮಣ್ಣು ಎಷ್ಟು ಉಬ್ಬುತ್ತೆ ಅನ್ನೋದು), ಐಎಸ್ 2720ರ 40ನೇ ಭಾಗ. ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಜರಡಿ ಹಿಡಿದ ಮಣ್ಣು, ಹತ್ತು ಗ್ರಾಂನ ಎರಡು ಪಾಲು. 100 ಮಿಲಿಯ ಎರಡು ಅಳತೆ ಜಾಡಿ. ಒಂದಕ್ಕೆ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆ ಹುಡುಕೋದೇ ಈಗ ಪ್ರಾಜೆಕ್ಟಿನ ಅರ್ಧ ಕೆಲಸ ಬಿಡಿ. ಕಲಕಿ, ಗಾಳಿಗುಳ್ಳೆ ಹೋಗಿಸಿ, 24 ಗಂಟೆ ಅಲ್ಲಾಡಿಸದೆ ಇಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬೋದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎಣ್ಣೆಯಲ್ಲಿ 10 ಮಿಲಿ, ನೀರಲ್ಲಿ 17 ಮಿಲಿ ಬಂತು ಅನ್ನಿ. ವ್ಯತ್ಯಾಸ 7, ಅದನ್ನು 10ರಿಂದ ಭಾಗಿಸಿದರೆ ಶೇಕಡಾ 70. ಐವತ್ತು ದಾಟಿದರೆ ಪಾಯದ ಬಗ್ಗೆ ಎರಡು ಸಲ ಯೋಚಿಸಬೇಕು.

ಜಾಡಿಗಳ ಫೋಟೊ ಮೇಸ್ತ್ರಿಗೆ ತೋರಿಸಿದೆ. "ಇದಕ್ಕೆ ಓದು ಬೇಕಾ ಸಾರ್? ಎರೆ ಹೊಲದಾಗೆ ಗ್ವಾಡೆ ನಿಲ್ಲಂಗಿಲ್ಲ ಅಂತ ನಮ್ಮಪ್ಪನೂ ಹೇಳ್ತಿದ್ದ" ಅಂದರು. ಎಷ್ಟು ಸುಣ್ಣ, ಎಷ್ಟು ಬೂದಿ ಹಾಕಿದರೆ ನಿಲ್ಲುತ್ತೆ ಅಂತ ನಿಮ್ಮಪ್ಪ ಹೇಳಿದ್ರಾ ಅಂತ ಕೇಳಿದೆ. ಒಂದು ದಮ್ಮು ಎಳೆದು, "ಅದನ್ನ ನೀವು ಹೇಳ್ರಿ ಮತ್ತೆ" ಅಂದರು.

ದೊಡ್ಡ ಪರೀಕ್ಷೆಗಳಿಗೆ, ಅಂದರೆ ಸಿಬಿಆರ್ (ಮಣ್ಣು ಭಾರ ಹೊರುವ ಬಲ), ಕಂಪ್ರೆಶನ್ (ಒತ್ತಿದಾಗ ತಡೆಯುವ ಬಲ) ಇವಕ್ಕೆ, ಊರಿನ ಎಂಜಿನಿಯರಿಂಗ್ ಕಾಲೇಜು ಲ್ಯಾಬುಗಳನ್ನು ಕೇಳಿ. ದಾವಣಗೆರೆಯಲ್ಲಿ 1951ರಿಂದಲೇ ಎಂಜಿನಿಯರಿಂಗ್ ಕಾಲೇಜಿದೆ, ಚಿತ್ರದುರ್ಗದಲ್ಲೂ ಇದೆ. ನಿಮ್ಮ ಗೈಡ್ ಕೈಲಿ ಒಂದು ಪತ್ರ ಬರೆಸಿ, ಟೆಸ್ಟಿಂಗ್ ಫೀ ಕಟ್ಟಿ, ಸೆಮಿಸ್ಟರ್ ಪರೀಕ್ಷೆ ಇಲ್ಲದ ತಿಂಗಳಲ್ಲಿ ಹೋಗಿ. ಸುಣ್ಣ ಸೇರಿಸಿದ ಮಾದರಿಗಳನ್ನು 28 ದಿನ ಕ್ಯೂರಿಂಗ್ ಮಾಡಬೇಕಾದರೆ ತಾರೀಖು ಹಿಂದಿನಿಂದ ಎಣಿಸಿ. ವರದಿ ಕೊಡುವ ದಿನಕ್ಕೆ 40 ದಿನ ಮೊದಲೇ ಅಚ್ಚು ಹಾಕಿರಬೇಕು.

ಪದವಿ ಕೈಗೆ ಬಂದಾಗ ಟ್ರಾನ್ಸ್‌ಕ್ರಿಪ್ಟಿನ ಎರಡು ಪ್ರತಿ ಹೆಚ್ಚಿಗೆ ತರಿಸಿ. ಡಿಜಿಲಾಕರಿನಲ್ಲಿ ಹೆಸರಿನ ಸ್ಪೆಲಿಂಗ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇದೆಯಾ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ಅವತ್ತೇ ಇಮೇಲ್ ಹಾಕಿ.